ಟ್ರಂಕು ಇದ್ದ ಜಾಗ

ನಮ್ಮ ನೀಲಕ್ಕ ದಾರಿ ತಪ್ಪಿ ಬಿದ್ದವಳಲ್ಲ. ಅವಳ ದಾರಿಗೆ ಅಡ್ಡವಾಗಿ ಟ್ರಂಕು ಇಟ್ಟವಳು ನಾನು. ಅವಳು ಬಿದ್ದ ಮೇಲೆ ಅದನ್ನು ಮತ್ತೆ ಗೋಡೆಗೆ ಸರಿಸಿದವಳೂ ನಾನೇ. ನೆಲದ ಮೇಲೆ ಬಿದ್ದಲ್ಲಿಂದಲೇ ಅವಳು ನನ್ನನ್ನು ಒಂದು ಮಾತು ಕೇಳಿದಳು. ನಾನು ಸುಳ್ಳು ಹೇಳಿದೆ. ನನ್ನ ಆ ಸುಳ್ಳನ್ನು ನಂಬಿ ಅವಳು ತನ್ನ ತಲೆಯನ್ನೇ ನಂಬುವುದನ್ನು ಬಿಟ್ಟಳು. ಆಗ ತೊಟ್ಟಿಲಲ್ಲಿದ್ದ ನನ್ನ ಮಗಳು ಇಂದು ಮುದ್ದೇಬಿಹಾಳದ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಅಷ್ಟು ಕಾಲ ನಾನು ಬಾಯಿ ಬಿಡಲಿಲ್ಲ.

ನೀಲಕ್ಕ ನನ್ನ ಗಂಡ ಮಲ್ಲಪ್ಪನ ಅಕ್ಕ. ಎರಡೂ ಕಣ್ಣು ಇಲ್ಲ. ಮದುವೆಯ ಮಾತುಕತೆಯಲ್ಲೇ ನನ್ನ ಅಪ್ಪನಿಗೆ ಇದನ್ನು ಹೇಳಿದ್ದರು. ನಾನು ಇಂಡಿ ತಾಲೂಕಿನ ಹೊರ್ತಿಯವಳು; ನಿಂಬೆ ತೋಟದ ನಡುವೆ, ಹತ್ತು ಮಂದಿಯ ಮನೆಯಲ್ಲಿ ಬೆಳೆದವಳು. ಗೊಳಸಂಗಿಯ ಆ ಮನೆಗೆ ಹೊರಡುವಾಗ ನನ್ನ ಮನಸ್ಸಿನಲ್ಲಿದ್ದದ್ದು ಗೋಡೆ ತಡವುತ್ತ ಮೂಲೆಯಲ್ಲಿ ಕೂತ ಒಬ್ಬ ಹೆಂಗಸಿನ ಚಿತ್ರ. ನಾನು ಅವಳನ್ನು ನೋಡಿಕೊಳ್ಳಬೇಕು, ಕೈ ಹಿಡಿದು ನಡೆಸಬೇಕು ಎಂದುಕೊಂಡಿದ್ದೆ.

ಆದದ್ದೇ ಬೇರೆ. ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ನನಗೇ ಏನೂ ಕಾಣಲಿಲ್ಲ. ಹಳೆಯ ಮಣ್ಣಿನ ಮನೆ, ದಪ್ಪ ಗೋಡೆ, ಬೆಳಕು ಕಡಿಮೆ. ಬಾಗಿಲ ಬಳಿ ದನ ಕಟ್ಟುವ ಜಾಗ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ. ಒಂದು ಕೈ ನನ್ನ ಮೊಣಕೈ ಹಿಡಿಯಿತು. "ಇಲ್ಲಿ ಕಲ್ಲಿನ ಮೆಟ್ಟಲ ಐತಿ ನೋಡವ್ವ, ಎತ್ತರ ಐತಿ, ಹುಷಾರ" ಎಂದು ಒಂದು ದನಿ ಹೇಳಿತು. ಹಾಗೆ ಹೇಳಿದವಳು ನೀಲಕ್ಕ. ಪಡಸಾಲೆ, ಅಡಿಗೆ ಮನೆ, ಒಳಕೋಣೆ, ಬಚ್ಚಲು — ಎಲ್ಲವನ್ನೂ ನನಗೆ ತೋರಿಸಿದವಳು ಅವಳೇ. ಎಲ್ಲಿಯೂ ಗೋಡೆ ಮುಟ್ಟಲಿಲ್ಲ. ಎಲ್ಲಿಯೂ ಹೆಜ್ಜೆ ಅನುಮಾನಿಸಲಿಲ್ಲ.

ಚಿಕ್ಕಂದಿನಲ್ಲಿ ಅವಳಿಗೆ ಇರುಳುಗಣ್ಣಿತ್ತಂತೆ. ಆಮೇಲೆ ಹಗಲಿನ ನೋಟವೂ ಸುತ್ತಲಿಂದ ಕಿರಿದಾಗುತ್ತ ಬಂತು. "ಕಣ್ಣು ಉಳ್ಯೂದಿಲ್ಲ ಅಂತ ಡಾಕ್ಟರ್ ಹೇಳಿದ ಮ್ಯಾಲ ನಾ ಅಳಕೋತ ಕುಂದರಲಿಲ್ಲ ಕಸ್ತೂರಿ" ಎಂದು ಒಮ್ಮೆ ಜೋಳ ಹಸನು ಮಾಡುತ್ತ ಹೇಳಿದ್ದಳು. "ಇನ್ನೂ ಕಾಣ್ತಿದ್ದಾಗನ ಕಣ್ಣು ಮುಚ್ಚಿ ಮನಿ ತುಂಬ ತಿರಗಿದೆ. ಎಲ್ಲಿ ಗಾಳಿ ಬರ್ತೈತಿ, ಎಲ್ಲಿ ನೆಲದ ಫರಸಿ ತಣ್ಣಗೈತಿ, ಎಲ್ಲಿ ದನಿ ಬ್ಯಾರೆ ಆಕ್ಕೈತಿ — ಎಲ್ಲಾ. ಇಡೀ ಮನೀನ ತಲಿಯೊಳಗ ಇಟಗೊಂಡೆ. ಈಗ ಅದರಾಗನ ಅಡ್ಡಾಡ್ತೇನಿ." ಅತ್ತೆ ತೀರಿಕೊಂಡ ಮೇಲೆ ಇಬ್ಬರು ತಮ್ಮಂದಿರನ್ನು ಬೆಳೆಸಿದವಳು ಅವಳು. ರೊಟ್ಟಿ ಬಡಿಯುವುದು, ಹಾಲು ಕಾಯಿಸುವುದು, ದನಕ್ಕೆ ನೀರಿಡುವುದು — ಬಂದ ನೆಂಟರಿಗೆ ಅವಳು ಕಾಣದವಳೆಂದು ಅರ್ಧ ದಿನ ಗೊತ್ತೇ ಆಗುತ್ತಿರಲಿಲ್ಲ.

ಆ ಮನೆಗೆ ಒಂದೇ ಕಟ್ಟಳೆ. ಇಟ್ಟದ್ದು ಇಟ್ಟಲ್ಲೇ ಇರಬೇಕು. ಉಪ್ಪಿನ ಗಡಿಗೆ, ಬಿಂದಿಗೆ, ಚಾಪೆ, ಕೊನೆಗೆ ಚಪ್ಪಲಿ ಕೂಡ. ಮೊದಮೊದಲು ನನಗಿದು ನ್ಯಾಯವೆನಿಸಿತು. ಆಮೇಲೆ — ಹೇಗೆ ಹೇಳಲಿ — ಉಸಿರು ಕಟ್ಟತೊಡಗಿತು. ತವರಿನಿಂದ ನಾನೊಂದು ತಗಡಿನ ಟ್ರಂಕು ತಂದಿದ್ದೆ, ನೀಲಿ ಬಣ್ಣದ್ದು. ಆ ಮನೆಯಲ್ಲಿ ನನ್ನದು ಎನ್ನುವ ವಸ್ತು ಅದೊಂದೇ. ಅದನ್ನು ಒಳಕೋಣೆಯ ಕಿಟಕಿಯ ಕೆಳಗೆ ಇಡಬೇಕೆಂದು ನನ್ನ ಆಸೆ. ನೀಲಕ್ಕ ಬೇಡವೆಂದಳು, ಅದು ಅವಳು ಓಡಾಡುವ ಜಾಗ. ಪಡಸಾಲೆಯ ಗೋಡೆಯ ಪಕ್ಕ, ಕಂಬದ ಹಿಂದೆ ಟ್ರಂಕಿಗೆ ಜಾಗ ಕೊಟ್ಟಳು. ಗಂಡನಿಗೆ ಹೇಳಿದೆ. "ಆಕಿ ಎಲ್ಲಿ ಅಂತಾಳ ಅಲ್ಲಿಡು. ಅದರಾಗೇನೈತಿ?" ಎಂದ ಅವನು. ಸೀರೆ ಬೇಕಾದಾಗಲೆಲ್ಲ ಎಲ್ಲರ ಕಣ್ಣೆದುರು ಪಡಸಾಲೆಗೆ ಬಂದು ಟ್ರಂಕು ತೆಗೆಯುತ್ತಿದ್ದೆ. ಬಾಡಿಗೆಗೆ ಬಂದವಳ ಹಾಗೆ.

ಒಂದು ದಿನ ಗಡಿಬಿಡಿಯಲ್ಲಿ ಉಪ್ಪಿನ ಗಡಿಗೆಯನ್ನು ಬೇರೆ ಕಡೆ ಇಟ್ಟುಬಿಟ್ಟೆ. ಬೇಕೆಂದು ಇಟ್ಟದ್ದಲ್ಲ. ನೀಲಕ್ಕನ ಕೈ ತನ್ನ ಎಂದಿನ ಜಾಗಕ್ಕೆ ಹೋಯಿತು, ಬರಿ ಗಾಳಿಯನ್ನು ಹಿಡಿಯಿತು. ಒಂದು ಕ್ಷಣ ಅವಳ ಮುಖ ಸಡಿಲಾಯಿತು — ಬಾಯಿ ಸ್ವಲ್ಪ ತೆರೆದು, ತಲೆ ವಾಲಿಸಿ — ಮೊದಲ ಬಾರಿಗೆ ಅವಳು ನನಗೆ ಕುರುಡಿಯಂತೆ ಕಂಡಳು. ಕೂಡಲೇ ಗಡಿಗೆ ಎತ್ತಿ ಕೊಟ್ಟು, "ತಪ್ಪಾತ್ರಿ ಅಕ್ಕ" ಎಂದೆ. ಆದರೆ ಎದೆಯೊಳಗೆ ಏನೋ ತಣ್ಣಗಾಗಿತ್ತು. ಆ ತಂಪು ನನಗೆ ಹಿತವಾಗಿತ್ತು — ಇದನ್ನು ಬರೆಯದೆ ಉಳಿದದ್ದೆಲ್ಲ ಬರೆದರೆ ಏನೂ ಬರೆದಂತಾಗುವುದಿಲ್ಲ.

ಆಮೇಲೆ ಸುಮಾ ಹುಟ್ಟಿದಳು. ನನ್ನ ಮಗಳು. ಅವಳು ಅತ್ತರೆ ನನ್ನ ಮಡಿಲಲ್ಲಿ ಸುಮ್ಮನಾಗುತ್ತಿರಲಿಲ್ಲ, ನೀಲಕ್ಕನ ಹೆಗಲಿಗೆ ಹಾಕಿದರೆ ಸುಮ್ಮನಾಗುತ್ತಿದ್ದಳು. ನೀಲಕ್ಕ ಅವಳನ್ನು ಎತ್ತಿಕೊಂಡು ಒಳಕೋಣೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಒಳಕೋಣೆಗೆ ಏನೋ ಗುನುಗುತ್ತ ತಿರುಗುತ್ತಿದ್ದಳು. ಓಣಿಯ ಹೆಂಗಸರು ಬಂದು ನಗುತ್ತಿದ್ದರು: "ಇದು ಹಡದಾಕಿ ಕೂಸಲ್ಲ, ಅತ್ತಿ ಕೂಸು!" ನಾನೂ ನಗುತ್ತಿದ್ದೆ.

ಗಂಡನಿಗೆ ನಾನು ಹೇಳಿದ್ದು ಬೇರೆ. "ಕಣ್ಣಿಲ್ಲದಾಕಿ ಕೈಯಾಗ ಎಳಿ ಕೂಸು… ನನಗ ಅಂಜಿಕಿ ಆಗ್ತೈತ್ರಿ" ಎಂದೆ. ಅಂಜಿಕೆ ಇತ್ತು, ಸುಳ್ಳಲ್ಲ. ಆದರೆ ಅದು ಅರ್ಧ ಮಾತು. ಅವನು ನಕ್ಕುಬಿಟ್ಟ. "ನನ್ನನ್ನ ಎತ್ತಿ ಆಡಿಸಿದಾಕಿ ಆಕಿ. ಈ ಮನಿಯೊಳಗ ನಿನ್ನ ಕಾಲಿಗಿಂತ ಆಕಿ ಕಾಲು ಖರೆ ಅದಾವು." ಆ ಮಾತು ನನ್ನೊಳಗೆ ಇಳಿದು ಅಲ್ಲೇ ಕೂತಿತು. ಅವಳ ಕಾಲು ತಪ್ಪುವುದನ್ನು ಅವನು ಒಮ್ಮೆ ನೋಡಬೇಕು. ಒಂದೇ ಒಂದು ಸಲ, ತನ್ನ ಕಣ್ಣಾರೆ.

ಆ ದಿನ ಮಲ್ಲಪ್ಪ ಹೊಲದಿಂದ ಬಂದು ಅಂಗಳದಲ್ಲಿ ಎತ್ತುಗಳ ಮೈ ತೊಳೆಯುತ್ತಿದ್ದ. ಅವನು ಬಂದ ಸಪ್ಪಳ ಕೇಳಿದರೆ ಸಾಕು, ನೀಲಕ್ಕ ಮಜ್ಜಿಗೆ ತೆಗೆದುಕೊಂಡು ಪಡಸಾಲೆ ದಾಟಿ ಮೆಟ್ಟಿಲ ತನಕ ಹೋಗುತ್ತಿದ್ದಳು. ಅವಳು ಹಿತ್ತಲಲ್ಲಿದ್ದಾಗ ನಾನು ಟ್ರಂಕಿನ ಒಂದು ತುದಿ ಎತ್ತಿ, ಸಪ್ಪಳವಾಗದ ಹಾಗೆ ತಿರುಗಿಸಿ, ಪಡಸಾಲೆಗೆ ಬರುವ ನಡುಬಾಗಿಲ ಆಚೆ ಅವಳ ದಾರಿಗೆ ಅಡ್ಡ ಇಟ್ಟೆ. ಮೊಣಕಾಲ ಕೆಳಗೆ ತಾಗುತ್ತದೆ, ತಡವರಿಸುತ್ತಾಳೆ, ಮಜ್ಜಿಗೆ ಚೆಲ್ಲುತ್ತದೆ, ಅವನು ನೋಡುತ್ತಾನೆ — ಇಷ್ಟೇ ನನ್ನ ಲೆಕ್ಕ. ಇಷ್ಟೇ ಎನ್ನುವುದು ಎಷ್ಟು ಸಣ್ಣ ಮಾತು. ಮುಂದೆ ಪಡಸಾಲೆಯ ಅಂಚು, ಅದರಾಚೆ ಕಲ್ಲಿನ ಮೆಟ್ಟಿಲು ಇರುವುದು ನನಗೆ ಗೊತ್ತಿರಲಿಲ್ಲವೇ? ಆ ಮೆಟ್ಟಿಲ ಎತ್ತರವನ್ನು ನನಗೆ ಹೇಳಿಕೊಟ್ಟವಳೇ ಅವಳು.

ಅಡಿಗೆ ಮನೆಗೆ ಬಂದು ಹಿಟ್ಟು ನಾದುತ್ತ ಕೂತೆ. ನೀಲಕ್ಕ ಬಂದಳು, ಮಜ್ಜಿಗೆಯ ಚೊಂಬು ತೆಗೆದುಕೊಂಡಳು. ಅಷ್ಟರಲ್ಲಿ ಒಳಕೋಣೆಯ ತೊಟ್ಟಿಲಲ್ಲಿ ಸುಮಾ ಅಳತೊಡಗಿದಳು. ನಾನು ಏಳಬೇಕಿತ್ತು. ನನ್ನ ಕೈ ಹಿಟ್ಟಾಗಿತ್ತು.

"ನೀ ನಾದು. ನಾ ನೋಡ್ತೇನಿ" ಎಂದು ನೀಲಕ್ಕ ಚೊಂಬು ಕೆಳಗಿಟ್ಟು ಹೋದಳು.

ಕೂಸನ್ನು ಎತ್ತಿಕೊಂಡು ಒಳಗೇ ಆಡಿಸುತ್ತಾಳೆ ಎಂದುಕೊಂಡೆ. ಅವಳ ಗುನುಗು ಪಡಸಾಲೆಯ ಕಡೆಗೆ ತಿರುಗಿತು. ಅಡಿಗೆ ಮನೆಯ ಬಾಗಿಲಿಗೆ ಬಂದು ನಿಂತೆ. ಸುಮಾ ಅವಳ ಹೆಗಲ ಮೇಲಿದ್ದಳು. ಅವಳು ನಡುಬಾಗಿಲ ಹತ್ತಿರ ಬರುತ್ತಿದ್ದಳು — ಎಂದಿನಂತೆ ಸರಾಗವಾಗಿ, ತಲೆ ಎತ್ತಿ. ಸಮಯವಿತ್ತು. ನಾನು ಇದನ್ನು ಎಷ್ಟು ಸಲ ಎಷ್ಟು ತರಹ ನೆನೆದುಕೊಂಡರೂ ಸಮಯವಿತ್ತು ಎಂಬುದು ಮಾತ್ರ ಬದಲಾಗುವುದಿಲ್ಲ. ನಿಲ್ರಿ — ಅಷ್ಟು ಸಾಕಿತ್ತು. ನಿಲ್ರಿ ಎಂದರೆ ಅವಳು ನಿಲ್ಲುತ್ತಿದ್ದಳು. ಯಾಕೆ ಎಂದು ಕೇಳುತ್ತಿದ್ದಳು. ಆ 'ಯಾಕೆ'ಗೆ ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಸ್ವಂತ ಕೂಸು ಅವಳ ಹೆಗಲ ಮೇಲಿತ್ತು, ನಾನು ಉತ್ತರ ಹುಡುಕುತ್ತ ನಿಂತಿದ್ದೆ.

ಕಾಲು ಟ್ರಂಕಿಗೆ ಬಡಿಯಿತು. ಅವಳು ಮುಂದಕ್ಕೆ ಹಾರಿದಂತೆ ಹೋದಳು. ಬೀಳುತ್ತಲೇ ಮೈಯನ್ನು ಹೇಗೋ ತಿರುಗಿಸಿದಳು — ಹೇಗೆಂದು ನನಗೆ ಇಂದಿಗೂ ತಿಳಿಯದು — ಕೂಸು ಮೇಲೆ, ತಾನು ಕೆಳಗೆ. ಅವಳ ಬಲಗೈ ಪಡಸಾಲೆಯ ಕಲ್ಲಿನ ಅಂಚಿಗೆ ಅಪ್ಪಳಿಸಿತು. ಮೂಳೆಯ ಸಪ್ಪಳ ಕೇಳಿತು. ಸುಮಾ ಅವಳ ಎದೆಯ ಮೇಲೆ, ಎಡಗೈಯ ಬಿಗಿ ಹಿಡಿತದಲ್ಲಿ, ಚೀರುತ್ತಿದ್ದಳು. ಒಂದು ಗೀರೂ ಆಗಿರಲಿಲ್ಲ.

ಓಡಿಹೋಗಿ ಕೂಸನ್ನು ಎತ್ತಿಕೊಂಡೆ. ಮತ್ತೆ — ಅಂಗಳದಿಂದ ಮಲ್ಲಪ್ಪನ ಓಟದ ಸಪ್ಪಳ ಕೇಳುತ್ತಿತ್ತು — ಕಾಲಿನಿಂದ ಟ್ರಂಕನ್ನು ಗೋಡೆಗೆ ನೂಕಿದೆ. ತಗಡು ಫರಸಿಗೆ ಉಜ್ಜಿ ಕಿರ್ ಎಂದಿತು. ಕೂಸಿನ ಅಳುವಿನಲ್ಲಿ ಅದು ಮುಳುಗಿತೆಂದು ನಂಬಿದೆ. ಬಿದ್ದವಳನ್ನು ಎತ್ತುವುದಕ್ಕೆ ಮೊದಲು ನಾನು ಮಾಡಿದ ಕೆಲಸ ಅದು.

ಮಲ್ಲಪ್ಪ ಒಳಗೆ ಬಂದ. ನೀಲಕ್ಕ ನೆಲದ ಮೇಲಿದ್ದಳು, ಕೈ ತಿರುಚಿಕೊಂಡಿತ್ತು. ಮೊದಲು "ಕೂಸಿಗೇನಾತು?" ಎಂದಳು. ಏನಿಲ್ಲ ಎಂದೆ. ಆಮೇಲೆ ಆ ಪ್ರಶ್ನೆ.

"ಕಸ್ತೂರಿ, ಟ್ರಂಕ್ ಎಲ್ಲಿತ್ತು?"

"ಅದರ ಜಾಗಾದಾಗ ಐತ್ರಿ ಅಕ್ಕ."

ಗಂಡ ತಿರುಗಿ ನೋಡಿದ. "ಹೌದಕ್ಕಾ, ಗ್ವಾಡಿಗೇ ಐತಿ" ಎಂದ. ಅವನು ಕಂಡದ್ದನ್ನು ಹೇಳಿದ. ನನ್ನ ಸುಳ್ಳಿಗೆ ಅವನ ಸತ್ಯ ಸಾಕ್ಷಿಯಾಯಿತು.

"ಹಂಗಾರ ಕಾಲಿಗೆ ಬಡದದ್ದೇನು?"

"ಸೀರಿ ನಿರಿಗಿ ಕಾಲಾಗ ಸಿಕ್ಕಿತ್ರಿ" ಎಂದೆ.

ನೀಲಕ್ಕ ಕಣ್ಣು ಮುಚ್ಚಿದಳು. ಕಾಣದ ಕಣ್ಣನ್ನು ಯಾಕೆ ಮುಚ್ಚಿದಳೆಂದು ಆಗ ನನಗೆ ತಿಳಿಯಲಿಲ್ಲ. ಈಗ ಅನಿಸುತ್ತದೆ — ತನ್ನೊಳಗಿನ ಮನೆಯನ್ನು ಮತ್ತೊಮ್ಮೆ ನಡೆದು ನೋಡುತ್ತಿದ್ದಳು, ಎಲ್ಲಿ ತಪ್ಪಿದೆನೆಂದು.

ಅಳು ಕೇಳಿ ಓಣಿಯ ಹೆಂಗಸರು ಬಂದು ತುಂಬಿದರು. "ಕುರುಡಿ ಕೈಯಾಗ ಕೂಸು ಯಾಕ ಕೊಟ್ರಿ?" ಎಂದು ಅವಳೆದುರೇ ಮಾತಾಡಿದರು. ನಾನು ಕೂಸನ್ನು ಎದೆಗವಚಿಕೊಂಡೆ. ಬಸವನ ಬಾಗೇವಾಡಿಗೆ ಕರೆದೊಯ್ದು ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ಮೇಲೆ ಮಲ್ಲಪ್ಪ ಅಕ್ಕನ ಪಕ್ಕ ಕೂತು ಹೇಳಿದ: "ಇನ್ನ ಮ್ಯಾಲ ಕೂಸಿನ್ನ ಎತ್ತಬ್ಯಾಡಕ್ಕಾ." ನೀಲಕ್ಕ "ಆತು" ಎಂದಳು. ನನಗೆ ಬೇಕಾದದ್ದು ಸಿಕ್ಕಿತ್ತು.

ಕೈ ಕೂಡಿಕೊಂಡಿತು. ಅವಳು ಕೂಡಿಕೊಳ್ಳಲಿಲ್ಲ. ಎಂದೂ ಗೋಡೆ ಮುಟ್ಟದವಳು ಗೋಡೆ ಹಿಡಿದು ನಡೆಯತೊಡಗಿದಳು. ಸುಣ್ಣದ ಗೋಡೆಯ ಮೇಲೆ ಅವಳ ಅಂಗೈಯ ಮಾಸಲು ಗೆರೆ ಮೂಡಿತು. ಅದನ್ನು ನೋಡದೆ ನಡೆಯುವುದನ್ನು ನಾನು ಕಲಿತೆ. ಕೆಲವೊಮ್ಮೆ ಪಡಸಾಲೆಯ ನಡುವೆ ನಿಂತುಬಿಡುತ್ತಿದ್ದಳು. ಮುಂದೆ ಒಂದು ಹೆಜ್ಜೆ, ಹಿಂದೆ ಒಂದು ಹೆಜ್ಜೆ, ಮತ್ತೆ ನಿಲ್ಲುವುದು. ಒಂದು ಮಧ್ಯಾಹ್ನ ಹಾಗೆ ನಿಂತು, "ಕಸ್ತೂರಿ, ನಾ ಎಲ್ಲಿದ್ದೇನಿ?" ಎಂದು ಕೇಳಿದಳು.

ತಾನು ಹುಟ್ಟಿದ ಮನೆಯಲ್ಲಿ, ತನ್ನ ಪಡಸಾಲೆಯಲ್ಲಿ. ನಾನು ಕೈ ಹಿಡಿದು ಚಾಪೆಗೆ ಕೂರಿಸಿದೆ. "ತಲಿಯೊಳಗಿನ ಮನಿ ಅಳಗ್ಯಾಡಾಕತ್ತೈತಿ" ಎಂದಳು. "ಖರೇ ಇತ್ತು ಅನಕೊಂಡಿದ್ದೆ. ಎಂದಿನಿಂದ ಸುಳ್ಳಾಗಿತ್ತೋ ಏನೋ. ನನಗ ತಿಳೀಲೇ ಇಲ್ಲ." ಆಗ ಹೇಳಬಹುದಿತ್ತು. ಬಾಗಿಲು ತೆರೆದು ಎದುರಿಗೆ ನಿಂತಂತಿತ್ತು ಆ ಗಳಿಗೆ. ಗಂಡ ನನ್ನನ್ನು ಹೊರ್ತಿಗೆ ಅಟ್ಟುತ್ತಾನೆ, ಕೂಸನ್ನು ಕೊಡುವುದಿಲ್ಲ, ಓಣಿ ಉಗಿಯುತ್ತದೆ — ಎಲ್ಲ ಒಟ್ಟಿಗೆ ಬಂದು ನನ್ನ ಬಾಯಿ ಕಟ್ಟಿತು. ನೀರು ಕುಡೀತೀರೇನ್ರಿ ಎಂದು ಕೇಳಿದೆ.

ಅಡಿಗೆ ಮನೆ ನನ್ನದಾಯಿತು. ಗಡಿಗೆ, ಬಿಂದಿಗೆ ಎಲ್ಲವನ್ನೂ ನನಗೆ ಬೇಕಾದ ಕಡೆ ಇಟ್ಟುಕೊಂಡೆ. ಟ್ರಂಕನ್ನು ಕಿಟಕಿಯ ಕೆಳಗೆ ತಂದೆ. ಯಾರೂ ಬೇಡವೆನ್ನಲಿಲ್ಲ.

ಸುಮಾ ಪುಟ್ಟ ಹೆಜ್ಜೆ ಇಡುವ ಹೊತ್ತಿಗೆ ಸಿಂದಗಿಯಿಂದ ಗಂಡನ ತಮ್ಮ ಶಿವಪ್ಪ ಬಂದ. ಅಲ್ಲಿ ಅವನದೊಂದು ಬಟ್ಟೆ ಅಂಗಡಿ. ಅಕ್ಕ ಸೊರಗಿದ್ದನ್ನು ನೋಡಿ, "ನನ್ನ ಕಡೆ ಒಂದಿಷ್ಟ ದಿನ ಇರಲಿ" ಎಂದ. ನೀಲಕ್ಕ ಬೇಡವೆನ್ನಲಿಲ್ಲ. ಹೊರಡುವಾಗ ಸುಮಾಳನ್ನು ಹತ್ತಿರ ತರಲು ಹೇಳಿದಳು. ಎತ್ತಿಕೊಳ್ಳುತ್ತಾಳೆಂದು ನಾನು ಕೂಸನ್ನು ಮುಂದೆ ಚಾಚಿದೆ. ಅವಳು ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಇನ್ನೊಂದರ ಬೆರಳಿನ ಹಿಂಬದಿಯಿಂದ ಅವಳ ಕೆನ್ನೆ ಸವರಿ, ತಕ್ಷಣ ಹಿಂದೆಗೆದಳು. ಬಿಸಿ ತವೆ ಮುಟ್ಟಿದವಳ ಹಾಗೆ.

ಒಂದಿಷ್ಟು ದಿನ ಎಂದದ್ದು ಈವರೆಗೂ ಮುಗಿದಿಲ್ಲ. ಸಿಂದಗಿಯ ಮನೆಯನ್ನು ಅವಳು ಕಲಿಯಲೇ ಇಲ್ಲ. ಹಾಸಿಗೆ, ಅದರ ಪಕ್ಕ ಕುರ್ಚಿ, ಬಚ್ಚಲಿಗೆ ಹೋಗಲು ಯಾರದಾದರೂ ಕೈ. ಶಿವಪ್ಪನ ಹೆಂಡತಿ ಮಹಾನಂದಾ ಒಳ್ಳೆಯವಳು, ಬೇಸರಿಸದೆ ನೋಡಿಕೊಂಡಳು. ಅವರ ಮಕ್ಕಳು ಹುಟ್ಟಿದರು, ಬೆಳೆದರು. ಒಂದನ್ನೂ ನೀಲಕ್ಕ ಎತ್ತಿಕೊಳ್ಳಲಿಲ್ಲ. ಇತ್ತ ಗೊಳಸಂಗಿಯಲ್ಲಿ ನಾವು ಹಳೆಯ ಮನೆ ಕೆಡವಿ ಸ್ಲ್ಯಾಬಿನ ಮನೆ ಕಟ್ಟಿಸಿದೆವು. ಓಣಿಯಲ್ಲಿ ಮಾತ್ರ ಕಥೆ ಉಳಿಯಿತು: ಕುರುಡಿ ಅತ್ತೆ ಕೂಸನ್ನು ಬೀಳಿಸಿದ ಕಥೆ. ಸುಮಾ ಅದನ್ನು ಕೇಳುತ್ತಲೇ ದೊಡ್ಡವಳಾದಳು. ಸಣ್ಣವಳಿದ್ದಾಗ ಸಿಂದಗಿಗೆ ಹೋದರೆ ಅವಳು ನೀಲಕ್ಕನ ಕುರ್ಚಿಯ ಹತ್ತಿರ ಹೋಗಲು ಅಂಜುತ್ತಿದ್ದಳು. ನಾನು ನೋಡುತ್ತಿದ್ದೆ.

ಕಳೆದ ರಜೆಯಲ್ಲಿ ಸುಮಾ ಊರಿಗೆ ಬಂದಿದ್ದಳು. ಅವಳು ಕಲಿಸುವುದು ಜೀವಶಾಸ್ತ್ರ. ಮಕ್ಕಳಿಗೆ ಮೆದುಳಿನ ಪಾಠ ಸಿದ್ಧಮಾಡುತ್ತ, ನಾನು ಶೇಂಗಾ ಸುಲಿಯುತ್ತಿದ್ದಲ್ಲಿ ಬಂದು ಕೂತು ಹೇಳತೊಡಗಿದಳು. ನಾವು ಓಡಾಡುವ ಜಾಗದ ನಕ್ಷೆಯನ್ನು ಮೆದುಳು ತಾನಾಗಿ ಬರೆದಿಟ್ಟುಕೊಳ್ಳುತ್ತದಂತೆ. ಕಿವಿಯ ಒಳಮಗ್ಗುಲಲ್ಲಿ, ತಲೆಯ ಆಳದಲ್ಲಿ ಅದಕ್ಕೊಂದು ಭಾಗವಿದೆಯಂತೆ. ಬಾಗಿಲ ಬಳಿ ಬಂದರೆ ಕೆಲವು ನರಕೋಶಗಳು ಎಚ್ಚರವಾಗುತ್ತವೆ, ಒಲೆಯ ಬಳಿ ಬಂದರೆ ಬೇರೆ ಕೆಲವು. ಅದಕ್ಕೆ ಕಣ್ಣೇ ಬೇಕೆಂದಿಲ್ಲ. ಕಾಲಿನ ನಡಿಗೆ, ಮೈಯ ತಿರುವು, ದನಿ, ಗಾಳಿ — ಎಲ್ಲವೂ ಸೇರಿ ಆ ನಕ್ಷೆಯಾಗುತ್ತದೆ. ಕತ್ತಲಲ್ಲಿ ನಾವು ತಡವರಿಸದೆ ನೀರಿನ ಬಿಂದಿಗೆ ಮುಟ್ಟುವುದು ಅದರಿಂದಲೇ.

"ನೀಲತ್ತಿದು ಎಂಥಾ ನಕ್ಷೆ ಇರಬೇಕವ್ವ!" ಎಂದಳು. ಆಮೇಲೆ ಪೆನ್ನು ಕೆಳಗಿಟ್ಟಳು. "ಆದ್ರ ಒಂದು ತಿಳೀವಲ್ದು. ತಲಿಗೆ ಪೆಟ್ಟು ಬಿದ್ದಿದ್ದಿಲ್ಲ, ಜಡ್ಡು ಇದ್ದಿದ್ದಿಲ್ಲ. ಅಷ್ಟು ವರ್ಷದ ನಕ್ಷೆ ಒಂದ ದಿನಕ್ಕ ಹೆಂಗ ಕೆಟ್ಟೀತು? ಬೀಳೂಕಿಂತ ಮದಲ ಆಕಿ ಎಂದರ ತಪ್ಪಿದ್ದಳೇನು?"

"ಇಲ್ಲ" ಎಂದೆ.

"ನೀ ಅಲ್ಲೇ ಇದ್ದೆಲ್ಲ. ಏನಾತು ಅವತ್ತು?"

ಶೇಂಗಾದ ಸಿಪ್ಪೆ ನನ್ನ ಬೆರಳಲ್ಲೇ ಇತ್ತು. "ನನಗ ನೆನಪಿಲ್ಲ" ಎಂದೆ. ಮಗಳು ನನ್ನ ಮುಖವನ್ನೇ ನೋಡಿದಳು. ಆ ನೋಟ ನನ್ನ ಮೇಲಿಂದ ಇಳಿಯಲು ಬಹಳ ಹೊತ್ತು ಹಿಡಿಯಿತು. ನೆನಪಿಲ್ಲ ಎಂದೆನಲ್ಲ — ಆ ಮನೆ ಕೆಡವಿ ಎಷ್ಟೋ ವರ್ಷವಾದರೂ ಟ್ರಂಕು ನಿಂತ ಆ ಜಾಗಕ್ಕೆ ನಾನು ಕಣ್ಣು ಮುಚ್ಚಿ ಹೋಗಬಲ್ಲೆ.

ಮರುದಿನ ಬೆಳಿಗ್ಗೆ ಯಾರಿಗೂ ಕಾರಣ ಹೇಳದೆ ಬಾಗೇವಾಡಿಗೆ ಹೋಗಿ ಅಲ್ಲಿಂದ ಸಿಂದಗಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಸಣ್ಣ ವಯಸ್ಸು, ಹೊಸ ಮನೆ, ಬಾಣಂತಿಯ ಮನಸ್ಸು… ಒಂದೊಂದನ್ನೂ ಜೋಡಿಸಿ, ಒಂದೊಂದನ್ನೂ ಬಿಸಾಕಿದೆ. ಅವಳ ಕುರ್ಚಿಯ ಎದುರು ಕೂತಾಗ ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಅಕ್ಕ, ಅವತ್ತು ಟ್ರಂಕ್ ಅದರ ಜಾಗಾದಾಗ ಇರಲಿಲ್ರಿ. ನಿಮ್ಮ ದಾರ್ಯಾಗ ನಾನ ತಂದಿಟ್ಟಿದ್ದೆ."

ನೀಲಕ್ಕನ ಕೂದಲು ಪೂರ್ತಿ ಬೆಳ್ಳಗಾಗಿದೆ. ಮುಖ ನನ್ನ ಕಡೆ ತಿರುಗಿತು. ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಒಂದೇ: "ಎಲ್ಲಿಟ್ಟಿದ್ದಿ?"

"ನಡುಬಾಗಲ ದಾಟಿದ ಕೂಡಲೇರಿ. ಕಂಬದ ಎದುರಿಗೆ."

ಅವಳ ಬಲಗೈ ಮೆಲ್ಲಗೆ ಮೇಲೆದ್ದಿತು. ಗಾಳಿಯಲ್ಲಿ ಬಾಗಿಲ ಚೌಕಟ್ಟನ್ನು ಮುಟ್ಟಿತು, ಕಂಬವನ್ನು ಸುತ್ತಿತು, ಕೆಳಗಿಳಿದು ಒಂದು ಕಡೆ ನಿಂತಿತು.

"ಇಲ್ಲಿ" ಎಂದಳು.

"ಹೌದ್ರಿ."

"ತಗಡಿನ ಸಪ್ಪಳ ಕೇಳಿದ್ದೆ ನಾನು. ನೆಲದ ಮ್ಯಾಲ ಬಿದ್ದಾಗ." ಅವಳ ದನಿ ಏರಲಿಲ್ಲ. "ನೀ ಇಲ್ಲ ಅಂದಿ. ನನ್ನ ಕಿವಿ ಬಿಟ್ಟು ನಿನ್ನ ಮಾತು ನಂಬಿದೆ."

ನಾನು ಅವಳ ಕಾಲು ಹಿಡಿಯಲು ಬಾಗಿದೆ. ಅವಳಿಗೆ ಹೇಗೆ ತಿಳಿಯಿತೋ, ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು.

"ನನ್ನ ತಲಿ ಸರಿ ಇತ್ತು" ಎಂದಳು. ನನಗೆ ಹೇಳಿದ್ದಲ್ಲ ಅದು. ಇನ್ನೊಮ್ಮೆ ಹೇಳಿದಳು. ಮುಖದಲ್ಲಿ ಬಹಳ ಕಾಲದ ಹಿಂದಿನ ಏನೋ ಒಂದು ಎಚ್ಚರವಾದಂತೆ ಕಂಡಿತು. "ನಡಿ, ನನ್ನ ಮನಿಗೆ ಕರಕೊಂಡು ನಡಿ. ಒಮ್ಮೆ ಅಡ್ಡಾಡಿ ಬರ್ತೇನಿ."

ಇದನ್ನು ನಾನು ಎಣಿಸಿರಲಿಲ್ಲ. ಮನೆ ಕಟ್ಟಿಸಿದ್ದು ಅವಳಿಗೆ ಗೊತ್ತಿತ್ತು. ಪೂರ್ತಿ ಕೆಡವಿ ಕಟ್ಟಿಸಿದ್ದನ್ನು ಬಿಡಿಸಿ ಹೇಳುವ ಧೈರ್ಯ ನಮಗೆ ಯಾರಿಗೂ ಬಂದಿರಲಿಲ್ಲ.

"ಆ ಮನಿ ಈಗ ಇಲ್ರಿ ಅಕ್ಕ. ಪಡಸಾಲಿ, ಕಂಬ — ಯಾವುದೂ ಇಲ್ಲ. ಎಲ್ಲಾ ಕೆಡವೇವಿ."

ಅವಳ ಮೇಲೆದ್ದ ಕೈ ಮಡಿಲಿಗೆ ಬಿತ್ತು. ಆಮೇಲೆ, "ಹೊರಗ ಕುಂದ್ರು" ಎಂದಳು.

ಹೊರಗಿನ ಕಟ್ಟೆಯ ಮೇಲೆ ಕೂತೆ. ಒಳಗೆ ಕುರ್ಚಿ ಸರಿದ ಸಪ್ಪಳ. ಹೆಜ್ಜೆ. ಏನಕ್ಕೋ ಬಡಿದದ್ದು. ಪಾತ್ರೆಯೊಂದು ಉರುಳಿತು. "ಅಯ್ಯ, ಅಕ್ಕಾ!" ಎಂದು ಮಹಾನಂದಾ ಓಡಿದಳು. "ಯಾರೂ ಕೈ ಹಿಡೀಬ್ಯಾಡ್ರಿ" ಎಂಬ ನೀಲಕ್ಕನ ದನಿ ಗಟ್ಟಿಯಾಗಿ ಕೇಳಿತು. ಮತ್ತೆ ಹೆಜ್ಜೆ, ಮತ್ತೆ ಬಡಿತ, ಮತ್ತೆ ಹೆಜ್ಜೆ. ನಾನು ಎದ್ದು ನಿಂತೆ. ಹೋಗುವ ಹಕ್ಕು ನನಗಿರಲಿಲ್ಲ, ಕೂತೆ. ಕೊನೆಗೆ ಅವಳು ಹೊರಬಾಗಿಲಿಗೆ ಬಂದಳು, ಚೌಕಟ್ಟು ಹಿಡಿದು ನಿಂತಳು. ಹಣೆಯ ಮೇಲೆ ಬೆವರು. ಮೊಣಕೈ ತರಚಿತ್ತು.

"ಮಲ್ಲಪ್ಪಗ ಹೇಳು. ಸುಮಾಗ ಹೇಳು" ಎಂದಳು. "ಅವತ್ತು ಬಂದು ನಿಂತಿದ್ರಲ್ಲ, ಓಣಿ ಮಂದಿ — ಅವರಿಗೂ ಹೇಳು. ನಾ ಕೂಸಿನ್ನ ಬೀಳಸಲಿಲ್ಲ ಅಂತ ಹೇಳು. ಈಗ ನಡಿ, ನಿನ್ನ ಬಸ್ಸಿನ ಹೊತ್ತಾತು."

ಗಂಡನಿಗೆ ಅಂದೇ ಹೇಳಿದೆ. ಅವನು ಕೇಳಿ ಮುಗಿಸಿ, "ಕೂಸು ಎತ್ತಬ್ಯಾಡ ಅಂತ ನನ್ನ ಬಾಯಿಲೇ ಆಕಿಗೆ ಹೇಳಸಿದೆಲ್ಲ" ಎಂದ. ಅಷ್ಟೇ. ಅಂದಿನಿಂದ ನಾನು ಬಡಿಸಿದ್ದನ್ನು ಉಣ್ಣುತ್ತಾನೆ, ತಲೆ ಎತ್ತುವುದಿಲ್ಲ. ಸುಮಾಳಿಗೂ ಹೇಳಿದೆ. ಮುಗಿದ ಮೇಲೆ ಚೀಲ ತುಂಬಿಕೊಂಡು, ರಜೆ ಉಳಿದಿದ್ದರೂ, ಹೊರಟುಹೋದಳು. ಈಗ ಭಾನುವಾರಗಳಂದು ಸಿಂದಗಿಗೆ ಹೋಗುತ್ತಾಳೆ ಎಂದು ಮಹಾನಂದಾ ಹೇಳುತ್ತಾಳೆ. ನೀಲಕ್ಕ ಮುಂದೆ, ಸುಮಾ ಹಿಂದೆ, ಮನೆ ತುಂಬ ನಡೆಯುತ್ತಾರಂತೆ. ಹಿತ್ತಲ ತನಕ ಒಬ್ಬಳೇ ಹೋಗುವುದು ನೀಲಕ್ಕನಿಗೆ ಬಂದಿದೆಯಂತೆ. ವಯಸ್ಸಾಯಿತು, ನಿಧಾನ, ಹಿಂದಿನಂತಲ್ಲ. ಹಿಂದಿನಂತೆ ಎಂದೂ ಆಗುವುದಿಲ್ಲ. ನಡುವಿನ ಆ ವರ್ಷಗಳೆಲ್ಲ ಅವಳನ್ನು ಕುರ್ಚಿಯಲ್ಲಿ ಕೂರಿಸಿದವಳು ನಾನು. ನನ್ನನ್ನು ಅವಳು ಕರೆದಿಲ್ಲ. ಕರೆಯಲೆಂದು ಇದನ್ನು ಬರೆಯುತ್ತಿಲ್ಲ.

ಓಣಿಯಲ್ಲಿ ಮೊದಲು ಹೋದದ್ದು ಈರವ್ವನ ಮನೆಗೆ. ಅವತ್ತು ಎಲ್ಲರಿಗಿಂತ ಮೊದಲು ಓಡಿ ಬಂದವಳು ಅವಳು. ಈಗ ಮೊಮ್ಮಕ್ಕಳ ನಡುವೆ ಹೊರಸಿನ ಮೇಲೆ ಕೂತಿರುತ್ತಾಳೆ. "ಬಾರವ್ವ, ಒಳಗ ಬಾ, ಚಾ ಕುಡಿ" ಎಂದಳು. ನಾನು ಹೊಸ್ತಿಲಲ್ಲೇ ನಿಂತು ಹೇಳತೊಡಗಿದೆ. ಅರ್ಧಕ್ಕೆ ಕೈ ಅಡ್ಡ ಮಾಡಿ, "ಅಯ್ಯ, ಹೋಗ್ಲಿ ಬಿಡು ಕಸ್ತೂರಿ. ಹಳೇದಾತು. ಈಗ ಯಾಕ ಅದು?" ಎಂದಳು.

"ಇಲ್ಲರಿ, ಬಿಡಾಂಗಿಲ್ಲ. ಪೂರಾ ಕೇಳ್ರಿ" ಎಂದೆ. ಸೊಸೆಯಂದಿರು ಅಡಿಗೆ ಮನೆಯಿಂದ ಬಂದು ನಿಂತರು. ಅವರ ಮುಖ ಬದಲಾಗುವುದನ್ನು ನೋಡುತ್ತಲೇ ಮೊದಲಿನಿಂದ ಕೊನೆಯ ತನಕ ಹೇಳಿದೆ. ಚಹಾ ಯಾರೂ ತರಲಿಲ್ಲ.

ಆ ಓಣಿಯಲ್ಲಿ ಇನ್ನೂ ಕೆಲವು ಮನೆಗಳು ಉಳಿದಿವೆ. ನಾಳೆ ಬೆಳಿಗ್ಗೆ ಹೋಗುತ್ತೇನೆ.